ಬರೆದು ಅಳಿಸಿದ ಒಂದು ಪ್ರಶ್ನೆ

ಮೊನ್ನೆ ಶುಕ್ರವಾರ ಸಂಜೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಇಲ್ಲಿ ದೋಹಾದಲ್ಲಿ ಐದೂವರೆ, ಊರಲ್ಲಿ ರಾತ್ರಿ ಎಂಟು. ನನಗೆ ವಾರದ ರಜೆ, ಅವಳಿಗೆ ಹತ್ತನೇ ಕ್ಲಾಸಿನ ಕಾಟ.

"ಮಾಮಾ, ಟೆಸ್ಟ್‌ನಲ್ಲಿ ಗಣಿತ ಔಟ್ ಆಫ್ ಔಟ್!"

"ಬುದ್ಧಿವಂತೆ ಕಣೆ ನೀನು" ಅನ್ನೋಕೆ ಬಾಯಿ ತೆಗೆದವನು ಅಲ್ಲೇ ನಿಲ್ಲಿಸಿಬಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ. "ಅವ್ಳೂ ನಿನ್ ಥರಾನೇ ಕಣಪ್ಪ. ಕೂತು ಓದಿದ್ದೇ ನೋಡಿಲ್ಲ ನಾನು. ಹುಟ್ತಾನೇ ಬಂದಿರೋ ಬುದ್ಧಿ."

ನನ್ನ ಥರ ಅಂದ್ರೆ ಹೇಗೆ ಅಂತ ಅಮ್ಮನಿಗೆ ಪೂರ್ತಿ ಗೊತ್ತಿಲ್ಲ. ಅದನ್ನೇ ಬರೆಯೋಣ ಅಂತ ಇವತ್ತು ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಒಂದು ಲೋಟ ಕಾಫಿ ಇಟ್ಕೊಂಡು ಓದಿ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಯಾವ ಕಡೆ ತಿರುಗಿದ್ರೂ ತೆಂಗು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. 2013ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ಬಂದಾಗ ಊರ ಬಸ್ ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ಹಾಕಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆ, ಕತ್ತಿನ ತನಕ ಗುಂಡಿ ಹಾಕಿದ ಶರ್ಟು, ಪಕ್ಕದಲ್ಲಿ ಊರಿನ ನಾಲ್ಕು ಮುಖಂಡರು ನನಗಿಂತ ದೊಡ್ಡದಾಗಿ. ಮೇಷ್ಟ್ರು ಶಾಲೆಗೆ ಬಂದವರ ಹತ್ತಿರ ಎಲ್ಲ ಹೇಳೋರು, "ಇವನು ಒಂದು ಸಲ ಪಾಠ ಕೇಳಿದ್ರೆ ಸಾಕು, ಓದೋದೇ ಬೇಡ" ಅಂತ.

ಸುಳ್ಳು ಸ್ವಾಮಿ! ನಾನು ಓದುತ್ತಿದ್ದೆ. ಎಲ್ಲಿ ಅಂದ್ರೆ ಅಟ್ಟದ ಮೇಲೆ. ನಮ್ಮ ಕಡೆ ಅಟ್ಟದಲ್ಲಿ ಕಾಯಿ ತುಂಬಿರ್ತಾರೆ, ಹನ್ನೊಂದು ಹನ್ನೆರಡು ತಿಂಗಳು ಹಾಗೇ ಒಣಗಿ ಕೊಬ್ಬರಿ ಆಗೋ ತನಕ. ಆ ರಾಶಿ ಪಕ್ಕ ಟಾರ್ಚ್ ಹಿಡ್ಕೊಂಡು, ಹೆಂಚಿನ ಕಾವಿಗೆ ಬೆವರು ಸುರಿಸ್ಕೊಂಡು ಲೆಕ್ಕ ಬಿಡಿಸ್ತಿದ್ದೆ. ಕೆಳಗೆ ಇಳಿದಾಗ ಅಮ್ಮ "ಏನ್ ಮಾಡ್ತಿದ್ದೆ ಮಗಾ?" ಅಂದ್ರೆ "ಮಲಗಿದ್ದೆ" ಅಂತಿದ್ದೆ. ಓದದೇ ಬಂದ್ರೆ ಅದು ಬುದ್ಧಿ. ಓದಿ ಬಂದ್ರೆ ಅದರಲ್ಲೇನು ವಿಶೇಷ? ಹದಿನೈದು ವರ್ಷದ ನನ್ನ ತರ್ಕ ಇದು.

ಹೀಗೆ ಸುಳ್ಳು ಹೇಳೋದು ನಾನೊಬ್ಬನೇ ಅಲ್ಲ ಅಂತ ಗೊತ್ತಾಗಿದ್ದು ತೀರಾ ಈಚೆಗೆ. 1998ರಲ್ಲಿ ಕ್ಲಾಡಿಯಾ ಮ್ಯುಲರ್, ಕ್ಯಾರಲ್ ಡ್ವೆಕ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಮೊದಲು ಅಷ್ಟೇನೂ ಕಷ್ಟವಲ್ಲದ ಪ್ರಶ್ನೆ ಕೊಟ್ಟು, ಒಂದು ಗುಂಪಿಗೆ "ನೀನು ಜಾಣ" ಅಂತ, ಇನ್ನೊಂದು ಗುಂಪಿಗೆ "ಚೆನ್ನಾಗಿ ಕಷ್ಟಪಟ್ಟಿದ್ದೀಯ" ಅಂತ ಹೊಗಳಿದರು. ಆಮೇಲೆ ಬಿಡಿಸೋಕಾಗದಷ್ಟು ಕಷ್ಟದ್ದು ಕೊಟ್ಟರು. ಕೊನೆಗೆ ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಜಾಣ ಅನ್ನಿಸಿಕೊಂಡ ಮಕ್ಕಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಮಂದಿ ಅಂಕ ಜಾಸ್ತಿ ಬರೆದಿದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ಮಾಡಿದವರು ತುಂಬಾ ಕಮ್ಮಿ. (ಡ್ವೆಕ್ ಅವರ ಸಿದ್ಧಾಂತದಿಂದ ಜೀವನವೇ ಬದಲಾಗುತ್ತೆ ಅಂತ ಮಾರೋ ಪುಸ್ತಕಗಳನ್ನ ನಾನು ನಂಬಲ್ಲ. ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಅದರ ಪರಿಣಾಮ ಸಣ್ಣದು ಅಂತಲೇ ಕಂಡಿದೆ. ಆದ್ರೆ ಆ ಅಂಕ ತಿದ್ದಿದ ಮಕ್ಕಳು ಮಾತ್ರ ನನಗೆ ತುಂಬಾ ಹತ್ತಿರದವರು ಅನ್ನಿಸ್ತಾರೆ.)

ಪಿಯುಸಿಗೆ ತುಮಕೂರಿಗೆ ಬಂದಾಗ ಎಲ್ಲ ಇಂಗ್ಲಿಷ್. ದ್ಯುತಿಸಂಶ್ಲೇಷಣೆ ಅಂತ ನೀರು ಕುಡಿದ ಹಾಗೆ ಹೇಳ್ತಿದ್ದವನಿಗೆ ಫೋಟೋಸಿಂಥೆಸಿಸ್ ಅನ್ನೋಕೆ ನಾಲಿಗೆ ತಿರುಗಲಿಲ್ಲ. ಗೊತ್ತಿದ್ದದ್ದನ್ನೂ ಹೇಳೋಕಾಗದೆ ಕೂರೋದು ಅಲ್ಲಿ ಅಭ್ಯಾಸ ಆಯ್ತು. ಇಂಜಿನಿಯರಿಂಗ್‌ಗೆ ಬೆಂಗಳೂರಿಗೆ ಬಂದರೆ ಕ್ಲಾಸಿನಲ್ಲಿ ಅರವತ್ತು ಜನ, ಅರವತ್ತೂ ಜನಕ್ಕೆ ಅವರವರ ಊರಲ್ಲಿ ಫ್ಲೆಕ್ಸ್ ಹಾಕಿದ್ದಿರಬೇಕು. ಹರ್ಬರ್ಟ್ ಮಾರ್ಷ್ ಅನ್ನೋ ಸಂಶೋಧಕ 1980ರ ದಶಕದಲ್ಲೇ ಇದನ್ನ ತೋರಿಸಿದ್ದಾನೆ. ಅಷ್ಟೇ ಸಾಮರ್ಥ್ಯ ಇರೋ ಹುಡುಗ ಸಾಧಾರಣ ಶಾಲೆಯಲ್ಲಿದ್ರೆ ತನ್ನನ್ನ ಜಾಣ ಅಂದ್ಕೋತಾನೆ, ಜಾಣರೇ ತುಂಬಿರೋ ಶಾಲೆಯಲ್ಲಿದ್ರೆ ದಡ್ಡ ಅಂದ್ಕೋತಾನೆ. ನಮ್ಮೂರ ಕೆರೆಯಲ್ಲಿ ನಾನು ದೊಡ್ಡ ಮೀನು. ಬೆಂಗಳೂರಲ್ಲಿ ನಾಲ್ಕು ವರ್ಷ ಕೊನೇ ಬೆಂಚು.

ಈಗ ಅಸಲು ವಿಷಯಕ್ಕೆ ಬರ್ತೀನಿ.

ನಮ್ಮ ಆಫೀಸು ಹೋಟೆಲು, ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೆ. ರಂಜಾನಿಗೆ ಮೂರು ತಿಂಗಳು ಮುಂಚೆ ಒಂದು ಮೀಟಿಂಗು. ದಿನದ ಲೆಕ್ಕ ಮುಗಿಸೋ ಪ್ರೋಗ್ರಾಂ ಹೊಸದಾಗಿ ಬರೆಯೋದಿತ್ತು. ಹದಿನೆಂಟು ವರ್ಷ ಅನುಭವ ಇರೋ ಹಿರಿಯರು ಸ್ಲೈಡ್ ತೋರಿಸ್ತಿದ್ದರು. ಆರನೇ ಸ್ಲೈಡಿಗೆ ನನ್ನ ಕಣ್ಣು ನಿಂತಿತು. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದ್ರೆ ಗ್ರೀನಿಚ್ ಸಮಯದಲ್ಲಿ ಓಡುತ್ತೆ. ಕತಾರ್ ಅದಕ್ಕಿಂತ 3 ಗಂಟೆ ಮುಂದೆ. ಪ್ರೋಗ್ರಾಂ ಸರ್ವರಿನ ತಾರೀಕನ್ನೇ ತಗೊಂಡ್ರೆ ಇಲ್ಲಿ ರಾತ್ರಿ 12ರಿಂದ 3ರ ಒಳಗೆ ಆದ ಬಿಲ್ಲೆಲ್ಲ ಹಿಂದಿನ ದಿನಕ್ಕೆ ಸೇರಿಹೋಗುತ್ತೆ.

ಚಾಟ್ ಬಾಕ್ಸಿನಲ್ಲಿ ಪ್ರಶ್ನೆ ಟೈಪ್ ಮಾಡಿದೆ. ಒಂದೇ ಸಾಲು. ಆಮೇಲೆ ಯೋಚನೆ ಶುರುವಾಯ್ತು. ಇಷ್ಟು ದೊಡ್ಡವರಿಗೆ ಇಷ್ಟು ಸಣ್ಣದು ಗೊತ್ತಿರಲ್ವಾ? ಎಲ್ಲೋ ಒಂದು ಸೆಟ್ಟಿಂಗ್ ಇರುತ್ತೆ, ನನಗೇ ಗೊತ್ತಿಲ್ಲ. ಕೇಳಿ ನಗೆಪಾಟಲಾದ್ರೆ? ಅಳಿಸಿದೆ.

ಅದೇ ಮೀಟಿಂಗಿನಲ್ಲಿ ಹೊಸದಾಗಿ ಸೇರಿದ ಒಬ್ಬ ಮಲಯಾಳಿ ಹುಡುಗ ಹತ್ತು ಪ್ರಶ್ನೆ ಕೇಳಿದ. ಏಳು ಪೆದ್ದು ಪ್ರಶ್ನೆ. ನಾನು ಮನಸ್ಸಿನಲ್ಲೇ ನಕ್ಕೆ. ಉಳಿದ ಮೂರು ಒಳ್ಳೇವು ಅಂತ ಒಪ್ಕೊಳ್ಳೋಕೆ ನನಗೆ ಬಹಳ ದಿನ ಬೇಕಾಯ್ತು. ಅವನು ಈಗ ನಮ್ಮ ಟೀಮ್ ಲೀಡ್. ಆ ಕೆಲಸಕ್ಕೆ ನಾನು ಅರ್ಜಿ ಹಾಕಿರಲೇ ಇಲ್ಲ, ಆದ್ರೂ ಹೊಟ್ಟೆ ಉರ್ಕೊಂಡಿದ್ದೀನಿ. ಯಾವ ನ್ಯಾಯ ಹೇಳಿ.

ರಂಜಾನಿನಲ್ಲಿ ದೋಹಾ ಹಗಲು ಮಲಗಿ ರಾತ್ರಿ ಏಳುತ್ತೆ. ಇಫ್ತಾರ್ ಆಗಿ, ತರಾವೀಹ್ ನಮಾಜ್ ಮುಗಿದ ಮೇಲೆ ಸುಹೂರ್ ತನಕ ಹೋಟೆಲುಗಳಲ್ಲಿ ಜಾಗ ಇರಲ್ಲ. ಬೇರೆ ದಿನಗಳಲ್ಲಿ ಮಧ್ಯರಾತ್ರಿ ಮೇಲೆ ನಾಲ್ಕು ಬಿಲ್ಲು ಆಗೋ ಕಡೆ ನಾನೂರು. ಮೊದಲ ವಾರವೇ ಗಿರಾಕಿಗಳ ಫೋನು ಶುರು. ಕಾರ್ಡ್ ಮಷೀನಿನ ಲೆಕ್ಕ ಒಂದು, ನಮ್ಮ ಲೆಕ್ಕ ಒಂದು. ಎರಡು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ತಪ್ಪು ಎಲ್ಲಿದೆ ಅಂತ ಹೇಳಿದ್ದು ನಾನೇ. "ಎಷ್ಟು ಬೇಗ ಹಿಡಿದ ನೋಡಿ, ಜೀನಿಯಸ್!" ಅಂತ ಮ್ಯಾನೇಜರ್ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿ ನಕ್ಕೆ. ವಿನಯ ಅಂದ್ಕೊಂಡ್ರು.

ಬೈಗುಳ ಯಾರಿಗಾದ್ರೂ ಹೋಗಲೇಬೇಕಲ್ಲ. ಟೆಸ್ಟಿಂಗ್ ಮಾಡೋ ಫಿಲಿಪೀನ್ಸ್‌ನ ಹೆಣ್ಣುಮಗಳಿಗೆ ಹೋಯ್ತು. ಮಧ್ಯರಾತ್ರಿ ಬಿಲ್ಲು ಹಾಕಿ ಯಾಕೆ ನೋಡಲಿಲ್ಲ ಅಂತ. ಆ ವರ್ಷ ಅವಳಿಗೆ ಇನ್‌ಕ್ರಿಮೆಂಟ್ ಬರಲಿಲ್ಲ. ಅವಳ ಇಬ್ಬರು ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ ಬೆಳೀತಿದ್ದಾರೆ, ಫೀಸಿನ ದುಡ್ಡು ಇಲ್ಲಿಂದ ಹೋಗಬೇಕು. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ, ನನಗೂ ಗೊತ್ತಿತ್ತು.

ಅಲ್ಲಿ ತನಕ ನನ್ನ ಸಂಕೋಚ ನನ್ನ ಸ್ವಂತ ಆಸ್ತಿ ಅಂದ್ಕೊಂಡಿದ್ದೆ. ಲುಕ್ಸಾನಾದ್ರೆ ನನಗೇ ತಾನೇ ಅಂತ. ಆಮೇಲೆ ಹಾಗೆ ಅಂದ್ಕೊಳ್ಳೋಕೆ ಆಗಲಿಲ್ಲ.

ನಾನಿರೋದು ಅಲ್ ಅಜೀಜಿಯಾದಲ್ಲಿ. ಸಂಜೆ ಹೊತ್ತು ಆಸ್ಪೈರ್ ಪಾರ್ಕಿನಲ್ಲಿ ಸುತ್ತು ಹಾಕ್ತೀನಿ. ಎದುರಿಗೇ 300 ಮೀಟರ್ ಎತ್ತರದ ಟಾರ್ಚ್ ಟವರ್, ಅದರ ಆಸುಪಾಸಿನಲ್ಲೇ 2004ರಲ್ಲಿ ಶುರುವಾದ ಆಸ್ಪೈರ್ ಅಕಾಡೆಮಿ. ಪ್ರತಿಭೆ ಹುಡುಕೋಕೆ ಅಂತಲೇ ಒಂದು ದೇಶ ಕಟ್ಟಿದ ಶಾಲೆ ಅದು. 2007ರಿಂದ ಆಫ್ರಿಕಾದ ಹಳ್ಳಿಹಳ್ಳಿಗಳಲ್ಲಿ ಲಕ್ಷಾಂತರ ಹುಡುಗರ ಆಟ ನೋಡಿ, ಬೆರಳೆಣಿಕೆಯಷ್ಟು ಮಂದಿಯನ್ನ ಆರಿಸಿ ತರಬೇತಿ ಕೊಟ್ಟರು. ಅಷ್ಟು ಸೋಸಿ ತೆಗೆದವರಲ್ಲೂ ಯುರೋಪಿನ ದೊಡ್ಡ ಕ್ಲಬ್ಬುಗಳ ತನಕ ಹೋದವರು ಬಹಳ ಕಮ್ಮಿ. ಅದೇ ಅಕಾಡೆಮಿಯಲ್ಲಿ ಬೆಳೆದ ಇಲ್ಲಿನವನೇ ಆದ ಮುತಾಜ್ ಬರ್ಶಿಮ್ ಮಾತ್ರ ಹೈಜಂಪಿನಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ 2.37 ಮೀಟರ್ ಹಾರಿ, ಅಷ್ಟೇ ಹಾರಿದ ಇಟಲಿಯವನ ಜೊತೆ ಚಿನ್ನ ಹಂಚಿಕೊಂಡ. ಟೈಬ್ರೇಕ್ ಬಗ್ಗೆ ಅಧಿಕಾರಿ ವಿವರಿಸ್ತಿರುವಾಗ ಮಧ್ಯೆ ಬಾಯಿ ಹಾಕಿ, ಇಬ್ಬರಿಗೂ ಚಿನ್ನ ಕೊಡೋಕಾಗುತ್ತಾ ಅಂತ ಕೇಳಿದವನು ಇವನೇ. ಆ ವಿಡಿಯೋ ನೀವೂ ನೋಡಿರ್ತೀರಿ. ಕೇಳಿದ, ಸಿಕ್ತು.

ಹಾಗಿದ್ರೆ ಇಬ್ಬರು ಜಾಣರಲ್ಲಿ ಒಬ್ಬ ಮುಂದೆ ಹೋಗೋದು, ಒಬ್ಬ ನಿಂತುಹೋಗೋದು ಯಾಕೆ? ಶನಿವಾರಗಳಂದು ಮೆಟ್ರೋ ಹತ್ತಿ, ಮುಶೈರಿಬ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಎಜುಕೇಶನ್ ಸಿಟಿಯ ನ್ಯಾಷನಲ್ ಲೈಬ್ರರಿಗೆ ಹೋಗೋ ಚಟ ಹತ್ತಿದ್ದು ಹೀಗೆ. ಅಲ್ಲಿ ಮೊದಲು ಸಿಕ್ಕಿದ್ದು ಲೂಯಿಸ್ ಟರ್ಮನ್. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆ ಮಾಡಿ ಸುಮಾರು 1500 ಅತಿ ಜಾಣ ಮಕ್ಕಳನ್ನ ಆರಿಸಿ, ಜೀವನಪೂರ್ತಿ ಅವರ ಹಿಂದೆ ಬಿದ್ದ ಪುಣ್ಯಾತ್ಮ. ತಮಾಷೆ ಅಂದ್ರೆ, ಅಂಕ ಸಾಲದು ಅಂತ ಅವನ ಪರೀಕ್ಷೆಯಲ್ಲಿ ಬಿಟ್ಟುಹೋದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಒಬ್ಬನಿಗೆ, 1968ರಲ್ಲಿ ಇನ್ನೊಬ್ಬನಿಗೆ.

ನನ್ನನ್ನ ಹಿಡಿದು ಕೂರಿಸಿದ್ದು ಅದಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಟರ್ಮನ್ ತನ್ನ ಗಂಡುಮಕ್ಕಳಲ್ಲಿ ಅತಿ ಯಶಸ್ವಿಯಾದ 150 ಜನ, ತೀರಾ ಹಿಂದೆ ಉಳಿದ 150 ಜನ ಅಂತ ಎರಡು ಗುಂಪು ಮಾಡಿ ಹೋಲಿಸಿದ. ಬುದ್ಧಿಯ ಅಂಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಎದ್ದು ಕಂಡದ್ದು ನಾಲ್ಕು. ಹಿಡಿದ ಕೆಲಸ ಬಿಡದೇ ಇರೋದು, ಗುರಿ ಕಡೆಗೆ ಒಂದೇ ಮನಸ್ಸು, ತನ್ನ ಮೇಲೆ ನಂಬಿಕೆ, ಮತ್ತೆ ಕೀಳರಿಮೆ ಇಲ್ಲದಿರೋದು. ಕೊನೇದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ಒಂದು ಚಹಾ ಕುಡಿದು ಬಂದೆ.

ವಾಪಸ್ ಬಂದು ಮುಂದೆ ಓದಿದ್ರೆ ಇನ್ನೊಂದು ವಿಷಯ. ಮುಂದೆ ಹೋದ ಗುಂಪಿನವರ ತಂದೆಯರು ಹೆಚ್ಚು ಓದಿದವರಾಗಿದ್ದರು. ಅಂದ್ರೆ ಈ ನಂಬಿಕೆ ಅನ್ನೋದು ಪೂರ್ತಿ ಹುಟ್ಟುಗುಣ ಅಲ್ಲ, ಮನೆಯಿಂದಲೂ ಬರುತ್ತೆ. ಆಗ ನೆನಪಾದದ್ದು ಅಪ್ಪ. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯಾ ಇಲ್ವಾ, ಒಡೆದ್ರೆ ಹೇಗಿರುತ್ತೆ ಅಂತ ಹೇಳೋರು. ತಪ್ಪಿದ್ದು ನಾನು ನೋಡಿಲ್ಲ. ಅದೇ ಅಪ್ಪ ಮಂಡಿಯಲ್ಲಿ ವ್ಯಾಪಾರಿ ಒಂದು ಗಿಟುಕು ಎತ್ತಿ "ಇದು ಎರಡನೇ ದರ್ಜೆ ಮಾಲು ಗೌಡ್ರೆ" ಅಂದ್ರೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಳ್ಳೋರು, ಅಷ್ಟೇ. ಒಂದು ಮಾತಿಲ್ಲ. ಬರುವಾಗ ಬಸ್ಸಿನಲ್ಲಿ ನನ್ನ ಹತ್ತಿರ ಮಾತ್ರ ಮೆಲ್ಲಗೆ "ಮೊದಲನೇ ದರ್ಜೇನೇ ಕಣೋ ಅದು" ಅಂದಿದ್ದರು.

ಇದಕ್ಕೆ ಪರದೇಶದ ಭಯವನ್ನೂ ಸೇರಿಸಿ. ಇಲ್ಲಿ ವೀಸಾ ಕೆಲಸಕ್ಕೆ ಕಟ್ಟಿದ್ದು, ಸುಮ್ನಿದ್ರೆ ಕ್ಷೇಮ ಅನ್ನೋದು ಗಲ್ಫಿಗೆ ಬಂದವರೆಲ್ಲ ಕಲಿಯೋ ಮೊದಲ ಪಾಠ. ಕೆಲಸ ಬದಲಾಯಿಸೋಕೆ ಹಳೇ ಕಂಪನಿಯ ಎನ್‌ಒಸಿ ಬೇಡ ಅಂತ 2020ರಲ್ಲೇ ಕಾನೂನು ಬಂದಿದೆ. ಆದ್ರೂ ನಾನು ಆ ನೆಪ ಬಿಟ್ಟಿರಲಿಲ್ಲ.

ನನ್ನಂಥವರ ಬಗ್ಗೆ 1978ರಲ್ಲೇ ಪೌಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಬರೆದಿದ್ದಾರೆ, ಎಲ್ಲ ಸಾಧಿಸಿಯೂ ತಾವು ಮೋಸಗಾರರು, ಒಂದು ದಿನ ಸಿಕ್ಕಿಬೀಳ್ತೀವಿ ಅಂದ್ಕೊಳ್ಳೋ ಹೆಂಗಸರ ಬಗ್ಗೆ. ಇಂಪೋಸ್ಟರ್ ಅಂತ ಈಗ ಎಲ್ಲರ ಬಾಯಲ್ಲೂ ಇದೆ. 2020ರಲ್ಲಿ 62 ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ್ರೆ ಇದು ಇರೋರು ನೂರಕ್ಕೆ 9ರಿಂದ 82 ಜನ ಅಂತೆ! ನಮ್ಮೂರಲ್ಲಿ ಮಳೆ ಹೇಳೋ ಜೋಯಿಸರೂ ಇದಕ್ಕಿಂತ ಖಚಿತವಾಗಿ ಹೇಳ್ತಾರೆ. ಅದಕ್ಕೇ ಆ ಹೆಸರನ್ನ ನನಗೆ ಅಂಟಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ. ರೋಗಕ್ಕೆ ಹೆಸರಿಟ್ರೆ ಮದ್ದು ಕುಡಿದಷ್ಟೇ ಸಮಾಧಾನ ಆಗಿಬಿಡುತ್ತೆ.

ಆಮೇಲೆ ಸಿಕ್ಕವರು ನಮ್ಮ ಬೆಂಗಳೂರಿನ ಶಕುಂತಲಾ ದೇವಿ. 1929ರಲ್ಲಿ ಹುಟ್ಟಿದವರು, ಅಪ್ಪ ಸರ್ಕಸ್ಸಿನವರು, ಕ್ರಮವಾಗಿ ಶಾಲೆಗೆ ಹೋದವರಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನ 28 ಸೆಕೆಂಡಿನಲ್ಲಿ ಗುಣಿಸಿದ್ದು ನಿಮಗೂ ಗೊತ್ತು. ನನಗೆ ಗೊತ್ತಿಲ್ಲದೇ ಇದ್ದದ್ದು, 1988ರಲ್ಲಿ ಬರ್ಕ್ಲಿಯ ಆರ್ಥರ್ ಜೆನ್ಸನ್ ಅವರನ್ನ ಪರೀಕ್ಷೆ ಮಾಡಿ, 1990ರಲ್ಲಿ ಅದರ ಬಗ್ಗೆ ಬರೆದಿದ್ದ ಅನ್ನೋದು. (ಜನಾಂಗ, ಐಕ್ಯೂ ಅಂತ ಈತ ಬರೆದದ್ದರ ಜಗಳ ಬೇರೆಯೇ ಇದೆ, ಅದು ಇಲ್ಲಿ ಬೇಡ.) 61,629,875ರ ಘನಮೂಲ, 170,859,375ರ ಏಳನೇ ಮೂಲ ಕೇಳಿದ. ಅವನು ಲೆಕ್ಕ ಬರೆದುಕೊಳ್ಳೋದ್ರೊಳಗೆ 395, 15 ಅಂತ ಉತ್ತರ ಬಂತು. ಆದ್ರೆ ದೀಪ ಹತ್ತಿದ ಕೂಡಲೇ ಗುಂಡಿ ಒತ್ತಬೇಕು, ಆ ಥರದ ಸಾಧಾರಣ ಪರೀಕ್ಷೆಗಳಲ್ಲಿ ಅವರ ವೇಗ ಅಸಾಮಾನ್ಯ ಏನಲ್ಲ! ಮಿದುಳೇ ಬೇರೆ ವೇಗದ್ದು ಅಂತ ಎಲ್ಲರೂ ಅಂದ್ಕೊಂಡಿದ್ರು. ನಮಗೆಲ್ಲ ಲೆಕ್ಕ ಅನ್ನೋದು ಶಾಲೆಯಲ್ಲಿ ಕಲಿತ ಪರಭಾಷೆ ಇದ್ದ ಹಾಗೆ, ಈಕೆಗೆ ಅದು ತಾಯಿನುಡಿ ಅನ್ನೋ ಅರ್ಥದಲ್ಲಿ ಜೆನ್ಸನ್ ಬರೀತಾನೆ. ಫೋಟೋಸಿಂಥೆಸಿಸ್ ಎದುರು ನಿಂತಿದ್ದ ನನಗೆ ಇದು ಬೇರೆ ಯಾರೂ ವಿವರಿಸೋದು ಬೇಕಾಗಿರಲಿಲ್ಲ.

ಇನ್ನೊಂದು ಮಾತೂ ಇದೆ ಅದರಲ್ಲಿ. ಇಂಥ ಅದ್ಭುತ ಪ್ರತಿಭೆಯವರು ಮೂಲೆ ಹಿಡಿದು ಕೂರೋರು, ಜನರ ಜೊತೆ ಸೇರದವರು ಅನ್ನೋ ಕಲ್ಪನೆ ಇತ್ತಲ್ಲ, ಈಕೆ ಹಾಗಿರಲಿಲ್ಲವಂತೆ. ಚುರುಕು, ಮಾತುಗಾರ್ತಿ, ಎಲ್ಲರೊಡನೆ ಬೆರೆಯೋರು. 1950ರಲ್ಲಿ ಬಿಬಿಸಿ ಕಾರ್ಯಕ್ರಮದಲ್ಲಿ ಅವರ ಉತ್ತರಕ್ಕೂ ನಡೆಸಿಕೊಡೋರ ಕೈಲಿದ್ದ ಉತ್ತರಕ್ಕೂ ತಾಳೆಯಾಗಲಿಲ್ಲ. ಆಮೇಲೆ ಗೊತ್ತಾಯ್ತು, ತಪ್ಪಿದ್ದದ್ದು ಅವರ ಕೈಲಿದ್ದ ಉತ್ತರವೇ. ಇಪ್ಪತ್ತೊಂದು ತುಂಬದ ಹುಡುಗಿ, ಪರದೇಶ, ಎದುರಿಗೆ ಬಿಬಿಸಿ. 1980ರಲ್ಲಿ ಮೇದಕ್‌ನಲ್ಲಿ ಇಂದಿರಾ ಗಾಂಧಿ ವಿರುದ್ಧ ಚುನಾವಣೆಗೆ ನಿಂತು ಸೋತರು. ಇಂಪೀರಿಯಲ್ ಕಾಲೇಜಿನ ದಾಖಲೆ ಅದೇ ವರ್ಷದ್ದು, ನೋಡಿ.

ಆ ರಾತ್ರಿ ಮನೆಗೆ ಬಂದು ಕಾಗದ ಪೆನ್ನು ತಗೊಂಡು 395ನ್ನ ಮೂರು ಸಲ ಗುಣಿಸಿ ನೋಡಿದೆ. ಸರಿಯಿದೆ. ನೋಡ್ತಾ ನೋಡ್ತಾ ಒಂದು ವಿಷಯ ಹೊಳೀತು. ಅವತ್ತು ನನ್ನ ಪ್ರಶ್ನೆಗೂ ಹೀಗೇ ತಾಳೆ ನೋಡಬಹುದಿತ್ತಲ್ಲ! ನನ್ನ ಲ್ಯಾಪ್‌ಟಾಪಿನಲ್ಲೇ ರಾತ್ರಿ ಒಂದು ಗಂಟೆಯ ಒಂದು ಬಿಲ್ಲು ಹಾಕಿ ಪ್ರೋಗ್ರಾಂ ಓಡಿಸಿದ್ರೆ ಎರಡು ನಿಮಿಷದ ಕೆಲಸ. ಅದಕ್ಕೆ ಧೈರ್ಯ ಬೇಡ, ಇಂಗ್ಲಿಷ್ ಬೇಡ, ಯಾರ ಎದುರೂ ಬಾಯಿ ತೆಗೆಯೋದು ಬೇಡ. ನಾನು ಅದನ್ನೂ ಮಾಡಲಿಲ್ಲ. ಯಾಕಂದ್ರೆ ನೋಡಿದ್ರೆ ನನ್ನ ಅನುಮಾನ ತಪ್ಪು ಅಂತ ಬಂದುಬಿಟ್ರೆ? ಆಗ ನಾನು ಬುದ್ಧಿವಂತ ಅಲ್ಲ ಅಂತ ನನಗೇ ಗೊತ್ತಾಗುತ್ತೆ. ಅನುಮಾನವನ್ನ ಅನುಮಾನವಾಗೇ ಇಟ್ಕೊಂಡ್ರೆ ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಹರಿಯಲ್ಲ. ಸಂಕೋಚದ ಸ್ವಭಾವ, ನಾಚಿಕೆ ಸ್ವಭಾವ ಅಂತ ಇಷ್ಟು ವರ್ಷ ಅದಕ್ಕೆ ಚೆಂದದ ಹೆಸರು ಕೊಟ್ಕೊಂಡು ಬಂದಿದ್ದೆ.

ಮಾರನೇ ದಿನ ಭಾನುವಾರ, ಇಲ್ಲಿ ವಾರದ ಮೊದಲ ದಿನ. ಟೆಸ್ಟಿಂಗಿನ ಆ ಹೆಣ್ಣುಮಗಳನ್ನ ಕೆಳಗೆ ಕರಕ್ ಚಾಯ್ ಅಂಗಡಿಗೆ ಕರೆದುಕೊಂಡು ಹೋಗಿ ಹೇಳಿದೆ. ಮೀಟಿಂಗಿನಲ್ಲೇ ನನಗೆ ಗೊತ್ತಾಗಿತ್ತು, ಕೇಳಲಿಲ್ಲ ಅಂತ. ಅವಳು ಕೂಗಾಡ್ತಾಳೆ ಅಂದ್ಕೊಂಡಿದ್ದೆ. ಕಾಗದದ ಲೋಟ ತಿರುಗಿಸ್ತಾ ಸುಮಾರು ಹೊತ್ತು ಸುಮ್ಮನಿದ್ದು, "ನೀನು ಅಷ್ಟು ಬುದ್ಧಿವಂತ, ನೀನೇ ಕೇಳದಿದ್ರೆ ನಾವೆಲ್ಲ ಯಾರನ್ನ ನಂಬೋದು?" ಅಂದಳು. ಬೈದಿದ್ರೇ ಚೆನ್ನಾಗಿತ್ತು.

ಮ್ಯಾನೇಜರಿಗೂ ಮೇಲ್ ಬರೆದೆ. ನಾಲ್ಕು ಸಲ ಬರೆದು ಮೂರು ಸಲ ಅಳಿಸಿ. "ಪ್ರಾಮಾಣಿಕತೆ ಮೆಚ್ಚಿದೆ, ಆಗಿದ್ದಾಯ್ತು" ಅಂತ ಉತ್ತರ ಬಂತು. ಅವಳ ಇನ್‌ಕ್ರಿಮೆಂಟ್ ವಿಷಯ ಮುಂದಿನ ವರ್ಷ ನೋಡೋಣ ಅಂತೆ. ಮತ್ತೆ ಕೇಳಿದ್ದೀನಿ. ಇನ್ನೂ ಉತ್ತರ ಇಲ್ಲ. ಈ ಭಾನುವಾರ ಎದುರಿಗೇ ಹೋಗಿ ಕೇಳಬೇಕು, ಅದನ್ನ ನೆನೆಸ್ಕೊಂಡ್ರೆ ಈಗಲೇ ಕೈ ತಣ್ಣಗಾಗುತ್ತೆ.

ಹಾಂ, ಅಕ್ಕನ ಮಗಳ ಕಥೆ ಅರ್ಧಕ್ಕೇ ಬಿಟ್ಟೆ. ಶುಕ್ರವಾರ ಅವಳಿಗೆ ಏನೂ ಹೊಗಳಲಿಲ್ಲ ನಾನು. "ಯಾವ ಲೆಕ್ಕ ಕಷ್ಟ ಆಯ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದನಿ ತಗ್ಗಿಸಿ, "ಮಾಮಾ, ಅಜ್ಜಿಗೆ ಹೇಳ್ಬೇಡ, ಸಮಾಂತರ ಶ್ರೇಢಿ ಒಂದು ಲೆಕ್ಕ ನಾಲ್ಕು ದಿನದಿಂದ ಬರ್ತಿಲ್ಲ. ಟೆಸ್ಟ್‌ಗೆ ಅದು ಬರ್ಲಿಲ್ಲ, ಬಚಾವಾದೆ" ಅಂದಳು. ಫೋಟೋ ತೆಗೆದು ಕಳಿಸು ಅಂದೆ.

ಇಪ್ಪತ್ತು ನಿಮಿಷ ಕೂತೆ. ಎರಡು ಹಾಳೆ ತುಂಬಿತು. ಉತ್ತರ ಮಾತ್ರ ಹಿಂದಿನ ಪುಟದಲ್ಲಿ ಕೊಟ್ಟಿದ್ದು ಬರ್ತಿಲ್ಲ. ಕೆಲಸ ಇದೆ, ನಾಳೆ ಹೇಳ್ತೀನಿ ಅಂತ ಹೇಳಿ ಇಟ್ಟುಬಿಡೋಣ ಅನ್ನಿಸ್ತು, ಸುಳ್ಳು ಯಾಕೆ. ಫೋನ್ ಮಾಡಿ ಹೇಳಿದೆ.

"ನಂಗೂ ಬರ್ತಿಲ್ಲ ಕಣೆ."

"ನಿಂಗೂ ಬರಲ್ವಾ!" ಅಂತ ನಕ್ಕಳು. ಖುಷಿಯಾಗಿ ನಕ್ಕಳು. "ಸರಿ ಬಿಡು ಮಾಮಾ, ನಾಳೆ ನಮ್ ಮೇಷ್ಟ್ರನ್ನೇ ಕೇಳ್ತೀನಿ."